ಪರ್ಡ್ಯೂಗೆ ಬಂದ ಹೊಸ ದೊಡ್ಡಾಳು: ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಅಕ್ಟೋಬರ್. ದೀಪಾವಳಿಗೆ ಮನೆಗೆ ಕರೆದರೂ ಇದೇ ಮಾತು, ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತರೂ ಇದೇ ಮಾತು. ಇಂಡಿಯಾನಾದ ವೆಸ್ಟ್ ಲಾಫಯೆಟ್‌ನಲ್ಲಿ ಓದಿದವರು, ಓದುತ್ತಿರುವವರು, ಮಕ್ಕಳನ್ನು ಇಲ್ಲಿಗೆ ಕಳಿಸಿದವರು, ಎಲ್ಲರಿಗೂ ಈಗ ಇಲ್ಲಿನ ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದ ಹೊಸ ಬಿಗ್ ಮ್ಯಾನ್, ಅಂದರೆ ರಿಂಗ್ ಹತ್ತಿರ ಆಡುವ ಎತ್ತರದ ಆಟಗಾರ, ಆಸ್ಕರ್ ಕ್ಲಫ್ ಬಗ್ಗೆ ಒಂದು ಅಭಿಪ್ರಾಯ ಇದೆ. ನಮ್ಮ ಮನೆಯಲ್ಲಿ ಅವನಿಗೆ ದೊಡ್ಡಾಳು ಅಂತಲೇ ಹೆಸರು. ಕೇಳಿದ್ದನ್ನೇ ಕೇಳುತ್ತಾರೆ, ಹೇಳಿದ್ದನ್ನೇ ಹೇಳಿ ಸಾಕಾಯಿತು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಈ ಆಸ್ಕರ್ ಕ್ಲಫ್ ಯಾರು?

ಆಸ್ಟ್ರೇಲಿಯಾದವನು. ಕ್ವೀನ್ಸ್‌ಲ್ಯಾಂಡ್‌ನ ಸನ್‌ಶೈನ್ ಕೋಸ್ಟ್ ಕಡೆಯವನು. ಎತ್ತರ 6 ಅಡಿ 11 ಇಂಚು, ತೂಕ ಸುಮಾರು 115 ಕಿಲೋ. ಅಮೆರಿಕಕ್ಕೆ ಬಂದ ಮೇಲೆ ನೇರವಾಗಿ ದೊಡ್ಡ ಕಾಲೇಜು ಸೇರಿದವನಲ್ಲ. ಮೊದಲು ಅರಿಜೋನಾದ ಕೊಚೀಸ್ ಅನ್ನುವ ಎರಡು ವರ್ಷದ ಕಾಲೇಜು. ಆಮೇಲೆ ವಾಷಿಂಗ್ಟನ್ ಸ್ಟೇಟ್. ಅಲ್ಲಿಂದ ಸೌತ್ ಡಕೋಟಾ ಸ್ಟೇಟ್. ಈಗ ನಮ್ಮಲ್ಲಿ, ಅದೂ ಒಂದೇ ವರ್ಷಕ್ಕೆ. ಕಳೆದ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 17.6 ಅಂಕ, 12.3 ರಿಬೌಂಡ್ (ಒಳಗೆ ಹೋಗದೆ ರಿಂಗ್‌ಗೆ ಬಡಿದು ಬೀಳುವ ಚೆಂಡು ಹಿಡಿಯುವುದು).

ಮೊದಲನೇ ಸಂಖ್ಯೆ ಮರೆತುಬಿಡಿ. ಎರಡನೇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದೇ ಕೆಲಸಕ್ಕೆ ಬರೋದು.

ಇವನು ಇನ್ನೊಬ್ಬ ಈಡಿ ಆಗ್ತಾನಾ?

ಇಲ್ಲ. ಆಗಬೇಕಾಗಿಯೂ ಇಲ್ಲ. ದಿನಕ್ಕೆ ಹತ್ತು ಜನ ಕೇಳುವುದು ಇದನ್ನೇ. ತಪ್ಪು ಪ್ರಶ್ನೆ ಅಂತ ನನ್ನ ಅನಿಸಿಕೆ.

ಝಾಕ್ ಈಡಿ ಬಿಟ್ಟುಹೋದ ಮೇಲೆ ಈ ಊರಿನಲ್ಲಿ ಒಂದು ಚಟ ಹತ್ತಿಕೊಂಡಿದೆ. ಯಾರೇ ಎತ್ತರದವನು ಬರಲಿ, ಅವನನ್ನು ಈಡಿ ಪಕ್ಕ ನಿಲ್ಲಿಸಿ ಅಳೆಯುವುದು. ಮನೆಗೆ ಬಂದ ಎರಡನೇ ಸೊಸೆಯ ಸಾರನ್ನು ಮೊದಲ ಸೊಸೆಯ ಸಾರಿನ ಜೊತೆ ಹೋಲಿಸಿದ ಹಾಗೆ. ಆದರೆ ಈಡಿ ಆಡುತ್ತಿದ್ದ ತಂಡ ಬೇರೆ, ಈಗಿನ ತಂಡಕ್ಕೆ ಬೇಕಾದದ್ದೇ ಬೇರೆ. ಆ ತಂಡಕ್ಕೆ ಅಂಕ ಹಾಕುವವನು ಬೇಕಿತ್ತು. ಈ ತಂಡಕ್ಕೆ ಮನೆಗೆಲಸ ಮಾಡುವವನು ಬೇಕು. ಬೀಳುವ ಚೆಂಡು ಹಿಡಿಯಬೇಕು, ಅಡ್ಡ ನಿಲ್ಲಬೇಕು, ರಿಂಗ್ ಹತ್ತಿರ ಕಾಯಬೇಕು. ಯಾರೂ ಚಪ್ಪಾಳೆ ಹೊಡೆಯದ ಕೆಲಸ.

ಹೊಸದಾಗಿ ಬಂದಿದ್ದೇನೆ. ಈಡಿ ಅಂದ್ರೆ ಅಷ್ಟೊಂದು ಏನು?

ಟೊರಾಂಟೊ ಹುಡುಗ. 7 ಅಡಿ 4 ಇಂಚು. ಚಿಕ್ಕಂದಿನಲ್ಲಿ ಆಡಿದ್ದು ಐಸ್ ಹಾಕಿ ಮತ್ತು ಬೇಸ್‌ಬಾಲ್. ಬ್ಯಾಸ್ಕೆಟ್‌ಬಾಲ್ ಗಂಭೀರವಾಗಿ ಹಿಡಿದಿದ್ದು ಹೈಸ್ಕೂಲಿಗೆ ಬಂದ ಮೇಲೆ. ಪರ್ಡ್ಯೂ ಸೇರುವಾಗ ದೇಶದ ಮೊದಲ ನಾನೂರು ಹುಡುಗರ ಪಟ್ಟಿಯಲ್ಲೂ ಅವನ ಹೆಸರು ಇರಲಿಲ್ಲ. ಅಂಥವನು 2023 ಮತ್ತು 2024, ಎರಡೂ ವರ್ಷ ದೇಶದ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ. ಸತತವಾಗಿ ಹಾಗೆ ಗೆದ್ದವರು ಎಂಬತ್ತರ ದಶಕದ ರಾಲ್ಫ್ ಸ್ಯಾಂಪ್ಸನ್ ಆದಮೇಲೆ ಯಾರೂ ಇರಲಿಲ್ಲ. ಕೊನೆಯ ವರ್ಷ ಪಂದ್ಯಕ್ಕೆ 25.2 ಅಂಕ, 12.2 ರಿಬೌಂಡ್. ಪ್ರತಿ ಮಾರ್ಚ್‌ನಲ್ಲಿ ಶುರುವಾಗುವ ದೇಶದ ಕಾಲೇಜು ಟೂರ್ನಿಯಲ್ಲಿ (ಎನ್‌ಸಿಎಎ) 1980ರ ನಂತರ ಮೊದಲ ಸಲ ತಂಡ ಫೈನಲ್ ಫೋರ್, ಅಂದರೆ ಕೊನೆಯ ನಾಲ್ಕರ ಹಂತ, ತಲುಪಿತು. ಆಮೇಲೆ ವೃತ್ತಿಪರ ಲೀಗ್ ಎನ್‌ಬಿಎ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ 9ನೇಯವನಾಗಿ ಮೆಂಫಿಸ್‌ಗೆ ಹೋದ.

ಕ್ಯಾಂಪಸ್ಸಿನಲ್ಲಿ ಅವನು ಎದುರಿಗೆ ಬಂದರೆ ಜನ ಮೊದಲು ಅವನ ಹೊಟ್ಟೆ ನೋಡುತ್ತಿದ್ದರು, ಆಮೇಲೆ ಕತ್ತೆತ್ತಿ ಮುಖ. ಬೇಕಂತ ಮಾಡುತ್ತಿದ್ದದ್ದಲ್ಲ. ಕಣ್ಣು ಹೋಗುತ್ತಿದ್ದದ್ದೇ ಅಲ್ಲಿಗೆ.

ಹಾಗಿದ್ರೆ ಅವನಿದ್ದಾಗಲೇ ಕಪ್ ಯಾಕೆ ಬರಲಿಲ್ಲ?

ಇದು ಒಳ್ಳೆ ಪ್ರಶ್ನೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಕ್ಲಫ್ ವಿಷಯ ಅರ್ಥವಾಗೋದು ಇಲ್ಲೇ.

ಎರಡು ಪಂದ್ಯ ಪಕ್ಕ ಪಕ್ಕ ಇಡಿ. ಒಂದು 2023ರ ಮಾರ್ಚ್ 17, ಓಹಾಯೊದ ಕೊಲಂಬಸ್. ಎದುರಿಗೆ ನ್ಯೂಜೆರ್ಸಿಯ ಫೇರ್ಲಿ ಡಿಕಿನ್ಸನ್. ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ ಒಂದರ 363 ತಂಡಗಳಲ್ಲಿ ಸರಾಸರಿ ಎತ್ತರದಲ್ಲಿ ಕಟ್ಟಕಡೆಯ ತಂಡ ಅದು. ತಮ್ಮ ಲೀಗಿನ ಫೈನಲ್‌ನಲ್ಲೇ ಸೋತಿದ್ದರು. ಗೆದ್ದ ಮೆರಿಮ್ಯಾಕ್‌ಗೆ ನಿಯಮದ ಪ್ರಕಾರ ಟೂರ್ನಿ ಆಡುವ ಅರ್ಹತೆ ಇರಲಿಲ್ಲ ಅಂತ ಇವರಿಗೆ ಅವಕಾಶ ಸಿಕ್ಕಿತ್ತು. ಟೂರ್ನಿಯಲ್ಲಿ ತಂಡಗಳಿಗೆ ಕೊಡುವ ಬಲದ ಕ್ರಮಾಂಕದಲ್ಲಿ ನಾವು 1ನೇ ಸೀಡ್, ಅವರು 16. ಈಡಿ 21 ಅಂಕ, 15 ರಿಬೌಂಡ್ ತೆಗೆದ. ಆದರೂ 63–58ಕ್ಕೆ ಸೋತೆವು. ಅವರು ಈಡಿಯ ಹಿಂದೊಬ್ಬ ಮುಂದೊಬ್ಬ ನಿಂತರು, ದೂರದಿಂದ ಹಾಕೋದಾದರೆ ಹಾಕಿಕೊಳ್ಳಿ ಅಂತ ಬಿಟ್ಟರು. ದೂರದಿಂದ ಹಾಕುವ ಮೂರು ಅಂಕದ ಶಾಟ್, ಅಂದರೆ ತ್ರೀ, ನಮ್ಮವರು 26 ಎಸೆದು 5 ಹಾಕಿದರು.

ಇನ್ನೊಂದು 2024ರ ಏಪ್ರಿಲ್ 8, ಅರಿಜೋನಾದ ಗ್ಲೆಂಡೇಲ್. ಫೈನಲ್, ಎದುರಿಗೆ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ). ಈ ಸಲ ಎದುರಾಳಿ ಉಲ್ಟಾ ಲೆಕ್ಕ ಹಾಕಿದ್ದರು. ಈಡಿಗೆ ಒಬ್ಬನನ್ನೇ ಬಿಟ್ಟು, ಹೊರಗಿನ ಶೂಟರ್‌ಗಳಿಗೆ ಅಂಟಿಕೊಂಡು ನಿಂತರು. ಈಡಿ 37 ಅಂಕ ಹಾಕಿದ. ಉಳಿದವರೆಲ್ಲ ಸೇರಿ 23. ಇಡೀ ಪಂದ್ಯದಲ್ಲಿ ನಮ್ಮವರು ಎಸೆಯಲು ಸಿಕ್ಕ ತ್ರೀ 7, ಒಳಗೆ ಹೋದದ್ದು 1. ಸೋತದ್ದು 75–60ಕ್ಕೆ.

ಅಂದರೆ ಒಮ್ಮೆ ಅವನನ್ನು ಕಟ್ಟಿಹಾಕಿ ಗೆದ್ದರು, ಇನ್ನೊಮ್ಮೆ ಬಿಟ್ಟು ಗೆದ್ದರು. ಒಬ್ಬ ದೊಡ್ಡಾಳು ಎಷ್ಟು ಅಂಕ ಹಾಕಿದ ಅನ್ನೋದು ಕೊನೆಗೆ ಅಷ್ಟು ದೊಡ್ಡ ವಿಷಯವೇ ಆಗಲಿಲ್ಲ, ಅಲ್ವಾ?

ಒಂದು ತಮಾಷೆ ಹೇಳಲೇಬೇಕು. ಪರ್ಡ್ಯೂ ಫೈನಲ್ ಆಡಿದ್ದು ಎರಡೇ ಸಲ. ಮೊದಲನೇದು 1969ರಲ್ಲಿ, ಯುಸಿಎಲ್‌ಎ ವಿರುದ್ಧ, 92–72ರ ಸೋಲು. ಆವತ್ತು ಅವರ ದೊಡ್ಡಾಳು ಲ್ಯೂ ಅಲ್ಸಿಂಡರ್, ಆಮೇಲೆ ಕರೀಂ ಅಬ್ದುಲ್ ಜಬ್ಬಾರ್ ಆದವನು, ಹಾಕಿದ ಅಂಕ ಎಷ್ಟು ಗೊತ್ತಾ? 37. ಅವರ ಕೋಚ್ ಜಾನ್ ವುಡನ್. ಓದಿದ್ದು, ಆಡಿದ್ದು ಎಲ್ಲ ಪರ್ಡ್ಯೂನಲ್ಲೇ. ನಮ್ಮ ಮನೆಯ ದೀಪವೇ ನಮ್ಮ ಮೀಸೆ ಸುಟ್ಟಿತು.

ಕ್ಲಫ್ ಆ ಸಂಖ್ಯೆಗಳನ್ನು ಮಾಡಿದ್ದು ಚಿಕ್ಕ ಲೀಗ್‌ನಲ್ಲಿ. ಬಿಗ್ ಟೆನ್‌ನಲ್ಲಿ ನಡೆಯುತ್ತಾ?

ಅನುಮಾನ ಸರಿಯಾದದ್ದೇ. ಸೌತ್ ಡಕೋಟಾ ಸ್ಟೇಟ್ ಆಡುವ ಸಮ್ಮಿಟ್ ಲೀಗ್‌ನಲ್ಲಿ ಅವನ ಮೈಕಟ್ಟಿನವರು ದಿನಾ ಎದುರಾಗುವುದಿಲ್ಲ. ನಮ್ಮ ಲೀಗ್ ಬಿಗ್ ಟೆನ್‌ನಲ್ಲಿ ವಾರಕ್ಕೆ ಇಬ್ಬರು ಸಿಗುತ್ತಾರೆ. ಅಂಕ ಖಂಡಿತ ಇಳಿಯುತ್ತದೆ. 17 ಇದ್ದದ್ದು 10ಕ್ಕೆ ಬಂದರೆ ಯಾರೂ ಗಾಬರಿ ಬೀಳಬೇಡಿ. ಚೆಂಡು ಅವನ ಕೈಗೆ ಹೋಗುವುದೇ ಕಡಿಮೆಯಾಗುತ್ತದೆ.

ಆದರೆ ರಿಬೌಂಡ್ ಬೇರೆ ಜಾತಿಯದು. ತಲೆ ಮೇಲಿಂದ ಕೈ ಬಾಗಿಸಿ ಹಾಕುವ ಕೊಕ್ಕೆಯ ಶಾಟ್ ಎದುರಾಳಿ ಎತ್ತರವಾದ ಹಾಗೆ ಕಷ್ಟವಾಗುತ್ತದೆ. ರಿಬೌಂಡ್‌ಗೆ ಮುಖ್ಯವಾಗಿ ಬೇಕಾದದ್ದು ಜಾಗ ಹಿಡಿಯುವ ಬುದ್ಧಿ, ಸೊಂಟದ ಬಲ ಮತ್ತು ಹಟ. ಅದು ಲೀಗಿನಿಂದ ಲೀಗಿಗೆ ಚೆನ್ನಾಗಿಯೇ ಸಾಗುತ್ತದೆ. ಅವನು ಪೂರ್ತಿ ಹಳ್ಳಿಯಿಂದ ಪೇಟೆಗೆ ಬಂದವನೂ ಅಲ್ಲ. 2023–24ರಲ್ಲಿ ಅವನಿದ್ದ ವಾಷಿಂಗ್ಟನ್ ಸ್ಟೇಟ್ ಪ್ಯಾಕ್–12 ಅನ್ನುವ ದೊಡ್ಡ ಲೀಗ್‌ನಲ್ಲಿ ಆಡಿ, 2008ರ ನಂತರ ಮೊದಲ ಸಲ ಎನ್‌ಸಿಎಎ ಟೂರ್ನಿಗೆ ಬಂದಿತ್ತು.

ಬಸ್ಸಿನ ಸೀಟಿಗೆ ಟವೆಲ್ ಹಾಕುವವರನ್ನು ನೋಡಿದ್ದೀರಲ್ಲ? ಬಸ್ ನಿಲ್ಲುವ ಮುಂಚೆಯೇ ಕಿಟಕಿಯಿಂದ ಕೈ ತೂರಿಸುತ್ತಾರೆ. ಒಳ್ಳೆ ರಿಬೌಂಡರ್ ಮಾಡುವುದು ಅದನ್ನೇ. ಎಲ್ಲರೂ ಚೆಂಡು ಒಳಗೆ ಹೋಗುತ್ತಾ ಅಂತ ಬಾಯಿ ಬಿಟ್ಟು ನೋಡುವಾಗ ಅವನು ಚೆಂಡು ನೋಡುವುದಿಲ್ಲ. ಪಕ್ಕದವನನ್ನು ಬೆನ್ನಿಂದ ತಳ್ಳಿ ಎರಡು ಹೆಜ್ಜೆ ಜಾಗ ಮಾಡಿಕೊಳ್ಳುತ್ತಾನೆ. ಚೆಂಡು ಆಮೇಲೆ ಬರುತ್ತದೆ. ಕ್ಲಫ್ ಆಡುವಾಗ ಒಂದೈದು ನಿಮಿಷ ಚೆಂಡು ಬಿಟ್ಟು ಅವನ ಕಾಲು ಮಾತ್ರ ನೋಡಿ. ಆಟವೇ ಬೇರೆ ಥರ ಕಾಣುತ್ತದೆ.

ಟ್ರೇ ಕಾಫ್‌ಮನ್-ರೆನ್ ಇದ್ದಾನಲ್ಲ. ಪಂದ್ಯಕ್ಕೆ 20 ಅಂಕ ಹಾಕುವವನು. ಇನ್ನೊಬ್ಬ ಯಾಕೆ?

ಅವನನ್ನು ಉಳಿಸಿಕೊಳ್ಳಲಿಕ್ಕೇ. ಟಿಕೆಆರ್ (ಕಾಫ್‌ಮನ್-ರೆನ್‌ಗೆ ಚಿಕ್ಕ ಹೆಸರು) 6 ಅಡಿ 9 ಇಂಚಿನವನು, ಹುಟ್ಟಾ ಪವರ್ ಫಾರ್ವರ್ಡ್, ಅಂದರೆ ಸೆಂಟರ್ ಜೊತೆಗಿನ ಜಾಗದವನು. ಕಳೆದ ವರ್ಷ ವಿಧಿಯಿಲ್ಲದೆ ಸೆಂಟರ್, ಅಂದರೆ ರಿಂಗ್ ಕಾಯುವ ದೊಡ್ಡಾಳು, ಆದ. ಈಡಿ ಹೋಗಿದ್ದ, ಅವನ ಜಾಗಕ್ಕೆ ಬಂದಿದ್ದ ಹುಡುಗ ಸೀಸನ್‌ನ ಎರಡನೇ ಪಂದ್ಯದಲ್ಲೇ ಕಾಲು ಮುರಿದುಕೊಂಡ. ಟಿಕೆಆರ್ ಪ್ರತಿ ರಾತ್ರಿ ತನಗಿಂತ ನಾಲ್ಕೈದು ಇಂಚು ದೊಡ್ಡವರನ್ನು ತಡೆಯುತ್ತಾ, ಆ ಕಡೆ ಹೋಗಿ 20 ಅಂಕವನ್ನೂ ಹಾಕಿದ. ಅಂಕದ ಲೆಕ್ಕದಲ್ಲಿ ಏನೂ ಕೊರತೆ ಕಾಣಲಿಲ್ಲ. ಕೊರತೆ ಕಂಡಿದ್ದು ನಮ್ಮ ರಿಂಗ್ ಕೆಳಗೆ. ಎದುರಾಳಿಗಳು ಒಳಗೆ ನುಗ್ಗಿ ಹಾಕಿದ್ದೇ ಹಾಕಿದ್ದು.

2025ರ ಮಾರ್ಚ್ 28ರ ರಾತ್ರಿ ನೆನಪಿದೆಯಾ? ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂ, ಟೂರ್ನಿಯ ಸ್ವೀಟ್ ಸಿಕ್ಸ್‌ಟೀನ್, ಅಂದರೆ ಕೊನೆಯ ಹದಿನಾರು ತಂಡಗಳ ಸುತ್ತು, ಎದುರಿಗೆ ಹ್ಯೂಸ್ಟನ್. 60–60 ಸಮ. ಮೂರು ಸೆಕೆಂಡೂ ಉಳಿದಿಲ್ಲ. ಹೊರಗಿನಿಂದ ಚೆಂಡು ಎಸೆದವನು ಮಿಲೋಸ್ ಉಝಾನ್. ತಮ್ಮವನಿಗೆ ಕೊಟ್ಟ, ಒಳಗೆ ಕಾಲಿಟ್ಟ, ವಾಪಸ್ ಇಸಕೊಂಡ, ರಿಂಗ್ ಪಕ್ಕದಿಂದಲೇ ಲೇಅಪ್ ಹಾಕಿದ. ಮುಗಿಯಲು 0.9 ಸೆಕೆಂಡ್. ನಮ್ಮ ಮನೆ ಸೋಫಾದಲ್ಲಿ ಏಳು ಜನ ಇದ್ದೆವು. ಯಾರೂ ಬೈಯಲಿಲ್ಲ, ಕೂಗಲಿಲ್ಲ. ಒಬ್ಬಳು ಎದ್ದು ಹೋಗಿ ಕಾಫಿ ಲೋಟ ತೊಳೆಯಲು ಶುರು ಮಾಡಿದಳು. ರಿಂಗ್ ಕೆಳಗೆ ಒಬ್ಬ ಉದ್ದನೆಯವನು ಕೈ ಎತ್ತಿ ನಿಂತಿದ್ದರೆ ಸಾಕಿತ್ತು ಅಂತ ಅವತ್ತಿಂದ ಇವತ್ತಿನವರೆಗೆ ಹೇಳಿಕೊಂಡು ತಿರುಗುತ್ತಿದ್ದೇವೆ.

ಸೆಂಟರ್ ಜಾಗಕ್ಕೆ ಕ್ಲಫ್ ಬಂದರೆ ಟಿಕೆಆರ್ ತನ್ನ ಜಾಗಕ್ಕೆ ಮರಳುತ್ತಾನೆ. ಕ್ಲಫ್‌ನಿಂದ ಆಗುವ ದೊಡ್ಡ ಲಾಭ ಅದೇ, ಅದು ಅವನ ಹೆಸರಿನ ಮುಂದೆ ಯಾವ ಅಂಕಣದಲ್ಲೂ ಕಾಣೋದಿಲ್ಲ.

ಡೇನಿಯಲ್ ಜೇಕಬ್ಸನ್ ಏನಾದ?

ವಾಪಸ್ ಬಂದಿದ್ದಾನೆ. ಆ ಕಾಲು ಮುರಿದುಕೊಂಡ ಹುಡುಗ ಇವನೇ. ಇವನದೂ 7 ಅಡಿ 4 ಇಂಚು. ಉಳಿದ ಸೀಸನ್ ಪೂರ್ತಿ ಹೊರಗೆ ಕೂತ. ಈ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡ್‌ನ ಲೊಜಾನ್‌ನಲ್ಲಿ ನಡೆದ 19 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿದ್ದ. ಅಂದರೆ ಕಾಲು ಗಟ್ಟಿಯಾಗಿದೆ ಅಂತ ನಂಬಬಹುದು.

ಅವನ ಮೇಲೆ ಈಗಲೇ ಭಾರ ಹಾಕಬೇಡಿ ಅನ್ನೋದು ನನ್ನ ವಿನಂತಿ. ಇಷ್ಟು ಉದ್ದದವರ ಮೂಳೆ ವಿಷಯದಲ್ಲಿ ಈ ಊರು ಮೊದಲೂ ನೊಂದಿದೆ. 2018ರ ಟೂರ್ನಿಯ ಮೊದಲ ಪಂದ್ಯದಲ್ಲೇ 7 ಅಡಿ 2 ಇಂಚಿನ ಐಸಾಕ್ ಹಾಸ್ ಮೊಣಕೈ ಮುರಿದುಕೊಂಡ. ಆಗ ಇಲ್ಲಿನ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಿಯಮಕ್ಕೆ ಒಪ್ಪುವ ಮೊಣಕೈ ಪಟ್ಟಿಯೊಂದನ್ನು ಮಾಡಿಕೊಡಲು ಕೂತಿದ್ದರು. ಪರ್ಡ್ಯೂ ಅಂದ್ರೆ ಅದೇ. ಬೇರೆ ಊರಲ್ಲಿ ಅಭಿಮಾನಿಗಳು ದೇವರಿಗೆ ಹರಕೆ ಹೊರುತ್ತಾರೆ, ಇಲ್ಲಿ ಡಿಸೈನ್ ಬಿಡಿಸುತ್ತಾರೆ. ಹಾಸ್ ಮತ್ತೆ ಆಡಲಿಲ್ಲ, ಅದು ಬೇರೆ ಮಾತು.

ಕ್ಲಫ್, ಜೇಕಬ್ಸನ್ ಇಬ್ಬರನ್ನೂ ಒಟ್ಟಿಗೆ ಆಡಿಸಬಹುದಾ?

ಒಂದೆರಡು ನಿಮಿಷ, ಪ್ರಯೋಗಕ್ಕೆ. ಜಾಸ್ತಿ ಹೊತ್ತು ಆಡಿಸಿದರೆ ಹೊರಗಿನ ಶೂಟರ್‌ಗಳ ಹಿಂದೆ ಓಡುವವರು ಯಾರು?

ಎನ್‌ಬಿಎನಲ್ಲಿ ಈಗ ಎಲ್ಲರೂ ತ್ರೀ ಹಾಕುತ್ತಾರೆ. ಕಾಲೇಜಿನಲ್ಲಿ ಮಾತ್ರ ಯಾಕೆ ಇನ್ನೂ ಈ ದೈತ್ಯರ ಹುಚ್ಚು?

ನಿಯಮ ನೋಡಿ, ಅರ್ಧ ಉತ್ತರ ಅಲ್ಲೇ ಇದೆ. ಎನ್‌ಬಿಎನಲ್ಲಿ ತಡೆಯುವ ಕಡೆಯವನು ಎದುರಿಗೆ ಯಾರನ್ನೂ ಕಾಯದೆ ರಿಂಗ್ ಕೆಳಗಿನ ಚೌಕದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಕಾಲೇಜಿನಲ್ಲಿ ಆ ತಡೆ ಇಲ್ಲ. ಉದ್ದನೆಯವನು ಅಲ್ಲೇ ಬೀಡು ಬಿಡಬಹುದು. ಆ ಚೌಕದ ಅಗಲವೂ ಕಾಲೇಜಿನಲ್ಲಿ 12 ಅಡಿ, ಎನ್‌ಬಿಎನಲ್ಲಿ 16. ಆದ್ದರಿಂದ ಚೆಂಡು ಹಿಡಿದಾಗ ರಿಂಗ್ ಹತ್ತಿರವೇ ಇರುತ್ತಾನೆ. ಒಂದು ಹೆಜ್ಜೆ, ತಿರುಗು, ಹಾಕು.

ಇನ್ನರ್ಧ ಉತ್ತರ ನಮ್ಮ ಕೋಚ್ ಮ್ಯಾಟ್ ಪೇಂಟರ್. ಇಲ್ಲೇ ಆಡಿದವರು, 2005ರಿಂದ ಇಲ್ಲೇ ಕೋಚ್. ಹ್ಯಾಮನ್ಸ್, ಹಾಸ್, ಹಾರ್ಮ್ಸ್, ಈಡಿ, ಈಗ ಜೇಕಬ್ಸನ್. ಏಳು ಅಡಿಗೆ ಕಡಿಮೆ ಇರುವವರನ್ನು ಇವರು ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ ಅಂತ ನಾವು ತಮಾಷೆ ಮಾಡುತ್ತೇವೆ. ಕ್ಲಫ್‌ಗೆ ಒಂದಿಂಚು ವಿನಾಯಿತಿ ಸಿಕ್ಕಿದೆ.

ಸ್ಕ್ರೀನ್ ಅಂತಾರಲ್ಲ, ಅದೇನು?

ಚೆಂಡು ಇರುವವನ ಬೆನ್ನಟ್ಟುವ ಎದುರಾಳಿಗೆ ಅಡ್ಡ ನಿಲ್ಲುವುದು. ಕಾಲು ಅಗಲಿಸಿ, ಕೈ ಎದೆಗೆ ಒತ್ತಿಕೊಂಡು, ಅಲುಗಾಡದೆ. ಎದುರಾಳಿ ಓಡಿ ಬಂದು ಎದೆಗೆ ಡಿಕ್ಕಿ ಹೊಡೆಯುತ್ತಾನೆ. ಕೆಳಗಿನ ಸಾಲಿನಲ್ಲಿ ಕೂತರೆ ಆ ಸದ್ದು ಕೇಳಿಸುತ್ತದೆ, ಅಕ್ಕಿ ಮೂಟೆ ಲಾರಿಯಿಂದ ಕೆಳಗೆ ಹಾಕಿದ ಹಾಗೆ. ಅಷ್ಟರಲ್ಲಿ ಚೆಂಡು ಇರುವವನಿಗೆ ಅರ್ಧ ಸೆಕೆಂಡ್ ಬಿಡುವು ಸಿಗುತ್ತದೆ.

ಆ ಅರ್ಧ ಸೆಕೆಂಡ್ ಬ್ರೇಡನ್ ಸ್ಮಿತ್‌ಗೆ ಸಿಕ್ಕರೆ ಮುಗಿಯಿತು. ಅವನು 6 ಅಡಿಯ ಹುಡುಗ, ಇಲ್ಲೇ ವೆಸ್ಟ್‌ಫೀಲ್ಡ್‌ನವನು, ಕಳೆದ ವರ್ಷ ಬಿಗ್ ಟೆನ್‌ನ ಅತ್ಯುತ್ತಮ ಆಟಗಾರ. ಪಂದ್ಯಕ್ಕೆ 15.8 ಅಂಕ, 8.7 ಅಸಿಸ್ಟ್ (ಜೊತೆಯವನು ಅಂಕ ಹಾಕುವಂತೆ ಕೊಡುವ ಪಾಸ್). ಈ ತಂಡದ ಯಜಮಾನ ಅವನೇ, ದೊಡ್ಡಾಳು ಅಲ್ಲ. 115 ಕಿಲೋದ ಕ್ಲಫ್ ಅವನಿಗೆ ಬಾಗಿಲು ತೆಗೆಯುವ ಕೆಲಸ ಸರಿಯಾಗಿ ಮಾಡಿದರೆ ಸಾಕು.

ಡ್ಯೂಕ್‌ನ ಬಾಬಿ ಹರ್ಲಿ 1993ರಲ್ಲಿ ಮುಗಿಸಿದ 1,076 ಅಸಿಸ್ಟ್‌ಗಳ ದಾಖಲೆಗೆ ಸ್ಮಿತ್‌ಗೆ ಇನ್ನು ಸುಮಾರು 320 ಬೇಕು. ಕಳೆದ ವರ್ಷದ ವೇಗದಲ್ಲೇ ಕೊಟ್ಟರೂ 36–37 ಪಂದ್ಯ ಬೇಕಾಗುತ್ತದೆ. ಅಂದರೆ ಮಾರ್ಚ್‌ನಲ್ಲಿ ಬೇಗ ಮನೆಗೆ ಬಂದರೆ ಆಗದು.

ಎತ್ತರದವರನ್ನು ನಂಬಿದ ತಂಡಗಳು ಮಾರ್ಚ್‌ನಲ್ಲಿ ಮುಳುಗುತ್ತವೆ. ನಿಜಾನಾ?

ಈ ವಾದ ಮಾಡುವವರ ಹತ್ತಿರ ಸಾಕ್ಷಿಗೇನೂ ಕೊರತೆ ಇಲ್ಲ. 2022ರಲ್ಲಿ ಕೆಂಟಕಿಗೆ ವೆಸ್ಟ್ ವರ್ಜೀನಿಯಾದಿಂದ ಬಂದಿದ್ದ ಆಸ್ಕರ್ ಶೀಬ್ವೆ ದೇಶದ ಅತ್ಯುತ್ತಮ ಆಟಗಾರ. ಟೂರ್ನಿಯ ಮೊದಲ ಪಂದ್ಯದಲ್ಲಿ 30 ಅಂಕ, 16 ರಿಬೌಂಡ್. ಆದರೂ 15ನೇ ಸೀಡ್ ಸೇಂಟ್ ಪೀಟರ್ಸ್ ಎದುರು ಸೋಲು. ಅದೇ ಸೇಂಟ್ ಪೀಟರ್ಸ್ ಮುಂದಿನ ವಾರ ನಮ್ಮನ್ನೂ 67–64ಕ್ಕೆ ಮನೆಗೆ ಕಳಿಸಿತು. ಮಿಷಿಗನ್‌ನಿಂದ ಕಾನ್ಸಾಸ್‌ಗೆ ಹೋದ ಹಂಟರ್ ಡಿಕಿನ್ಸನ್‌ದೂ ಅದೇ ಕಥೆ. ಸೀಸನ್‌ಗೆ ಮುಂಚೆ ಎರಡು ವರ್ಷವೂ ಕಾನ್ಸಾಸ್ ನಂಬರ್ ಒನ್. ಒಂದು ವರ್ಷ ಎರಡನೇ ಸುತ್ತಿಗೆ, ಇನ್ನೊಂದು ವರ್ಷ ಮೊದಲ ಸುತ್ತಿಗೆ ಮುಗಿಯಿತು.

ಆದರೆ ನನಗೆ ಇದರಲ್ಲಿ ಕಾಣುವುದು ಬೇರೆ. ಈ ಎಲ್ಲ ತಂಡಗಳಲ್ಲೂ ಆಟ ದೊಡ್ಡಾಳಿನ ಸುತ್ತ ತಿರುಗುತ್ತಿತ್ತು. ಅವನು ಸುಸ್ತಾದ ದಿನ, ಅಥವಾ ಬೇರೆಯವರ ಕೈ ನಡುಗಿದ ದಿನ, ಬೇರೆ ದಾರಿ ಇರಲಿಲ್ಲ. ಈಗಿನ ಪರ್ಡ್ಯೂನಲ್ಲಿ ಆಟ ಸ್ಮಿತ್ ಸುತ್ತ ತಿರುಗುತ್ತದೆ, ಟಿಕೆಆರ್ ಅವನ ಜೊತೆ, ಫ್ಲೆಚರ್ ಲಾಯರ್ ಮೂಲೆಯಲ್ಲಿ ತ್ರೀ ಹಾಕಲು ಕಾಯುತ್ತಾನೆ. ಮೂವರೂ ಇಂಡಿಯಾನಾದವರು, ಮೂವರಿಗೂ ಇದು ಕೊನೆಯ ವರ್ಷ. ಎಲ್ಲರೂ ವರ್ಷಕ್ಕೊಂದು ಕಾಲೇಜು ಬದಲಾಯಿಸುವ ಈ ಕಾಲದಲ್ಲಿ ಹೀಗೆ ಮೂವರು ಒಂದೇ ಕಡೆ ಬೇರು ಬಿಟ್ಟಿದ್ದು ಅಪರೂಪ. ಕೊಲಂಬಸ್‌ನ ಆ ಕೆಟ್ಟ ರಾತ್ರಿ ಸ್ಮಿತ್ ಮತ್ತು ಲಾಯರ್ ಮೊದಲ ವರ್ಷದ ಹುಡುಗರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಆನೆ ಸಿಗುವವರೆಗೆ ಬಿಡುವುದಿಲ್ಲ ಅಂತ ಇವರು ಕೂತಿದ್ದಾರೆ.

ಸೀಸನ್ ಶುರುವಾಗುವ ಮೊದಲೇ ನಾವು ನಂಬರ್ ಒನ್ ಅಂತೆ. ಖುಷಿ ಪಡಬೇಕಾ?

ಪಡಿ, ಒಂದು ದಿನ. ಎಪಿ ಸುದ್ದಿಸಂಸ್ಥೆಯ ಪಟ್ಟಿಯಲ್ಲಿ ಸೀಸನ್‌ಗೆ ಮುಂಚೆ ಪರ್ಡ್ಯೂ ಮೊದಲ ಸ್ಥಾನದಲ್ಲಿ ಇರುವುದು ಚರಿತ್ರೆಯಲ್ಲೇ ಇದೇ ಮೊದಲು. ಆದರೆ ಇದು ಕೂಸು ಹುಟ್ಟುವ ಮುಂಚೆ ಹೊಲಿಸಿದ ಕುಲಾವಿ. 2022ರಲ್ಲಿ ಇದೇ ಕುಲಾವಿ ನಾರ್ತ್ ಕ್ಯಾರೊಲಿನಾ ತಲೆಗೆ ಹಾಕಿದ್ದರು. ಅವರು ಟೂರ್ನಿಗೇ ಬರಲಿಲ್ಲ.

ಬಿಗ್ ಟೆನ್ ಲೀಗ್ ಅನ್ನು ಅತಿ ಹೆಚ್ಚು ಸಲ, 26 ಬಾರಿ, ಗೆದ್ದ ತಂಡ ನಮ್ಮದು. ಎನ್‌ಸಿಎಎ ಕಪ್ ಮಾತ್ರ ಒಂದೂ ಇಲ್ಲ. ಬೆಂಗಳೂರಿನವರಿಗೆ ಈ ನೋವು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವರಿಗೆ ಈ ಜೂನ್‌ನಲ್ಲಿ ಹದಿನೆಂಟನೇ ಸೀಸನ್‌ಗೆ ಕಪ್ ಸಿಕ್ಕಿತು. ನಾವಿಲ್ಲಿ ಇನ್ನೂ ಈ ಸಲ ಕಪ್ ನಮ್ದೇ ಅನ್ನುತ್ತಲೇ ಇದ್ದೇವೆ.

ಯಾರನ್ನು ಕಂಡರೆ ಭಯ?

ಮಿಷಿಗನ್. ಯಾಕ್ಸೆಲ್ ಲೆಂಡೆಬೋರ್ಗ್, 7 ಅಡಿ 3 ಇಂಚಿನ ಆದಾಯ್ ಮಾರಾ, ಮೊರೆಝ್ ಜಾನ್ಸನ್, ಮೂವರನ್ನೂ ಒಂದೇ ಬೇಸಿಗೆಯಲ್ಲಿ ಬೇರೆ ಬೇರೆ ಕಾಲೇಜುಗಳಿಂದ ಕರೆತಂದಿದ್ದಾರೆ. ಇಲಿನಾಯ್‌ನಲ್ಲಿ ಐವಿಸಿಚ್ ಅವಳಿಗಳು, ಇಬ್ಬರೂ ಏಳು ಅಡಿಯ ಮೇಲೆ. ಇಂಥ ಲೀಗ್‌ನಲ್ಲಿ ಕಳೆದ ವರ್ಷದ ಹಾಗೆ 6 ಅಡಿ 9 ಇಂಚಿನವನನ್ನು ಸೆಂಟರ್ ಮಾಡಿಕೊಂಡು ಹೊರಟರೆ ಏನಾಗುತ್ತಿತ್ತು ಯೋಚಿಸಿ. ಲೀಗ್‌ನ ಹೆಸರು ಬಿಗ್ ಟೆನ್, ತಂಡ ಹದಿನೆಂಟು. ಅದರ ಬಗ್ಗೆ ಕೇಳಬೇಡಿ.

ಕ್ಲಫ್ ಎಷ್ಟು ದುಡ್ಡು ಮಾಡ್ತಾನೆ? ಅವನೂ ನಮ್ಮ ಹಾಗೆ ಎಫ್–1 ವೀಸಾ ಅಲ್ವಾ?

ಈ ಪ್ರಶ್ನೆ ಕೇಳುವವರು ಬರೀ ನಮ್ಮವರು. ಅಮೆರಿಕದವರಿಗೆ ಈ ಸಂಕಟ ಹೊಳೆಯುವುದೂ ಇಲ್ಲ.

2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಹಣ ಮಾಡಬಹುದು. 2025ರ ಜುಲೈಯಿಂದ ಕಾಲೇಜೇ ನೇರವಾಗಿ ಕೊಡಬಹುದು, ಒಂದು ಕಾಲೇಜಿಗೆ ವರ್ಷಕ್ಕೆ 2 ಕೋಟಿ 5 ಲಕ್ಷ ಡಾಲರ್‌ವರೆಗೆ. ಆದರೆ ಎಫ್–1 ವಿದ್ಯಾರ್ಥಿ ಅನುಮತಿ ಇಲ್ಲದೆ ಹೊರಗೆ ಕೆಲಸ ಮಾಡುವಂತಿಲ್ಲ. ಜಾಹೀರಾತಿನಲ್ಲಿ ನಿಂತರೆ ಅದೂ ಕೆಲಸವೇ. ದೇಶದ ಅತ್ಯುತ್ತಮ ಆಟಗಾರನಾಗಿದ್ದಾಗಲೇ ಈಡಿ ಈ ಬಗ್ಗೆ ಬಹಿರಂಗವಾಗಿ ಬೇಸರ ಹೇಳಿಕೊಂಡಿದ್ದ. ವಿದೇಶಿ ಆಟಗಾರರ ವಿಷಯ ಇವತ್ತಿಗೂ ವಕೀಲರ ಅಂಗಳದಲ್ಲೇ ಇದೆ. ಕ್ಲಫ್ ಕೈಗೆ ಎಷ್ಟು ಬರುತ್ತದೆ ಅನ್ನೋದು ಅವನಿಗೂ ಕಾಲೇಜಿಗೂ ಬಿಟ್ಟ ವಿಷಯ. ವಾರಕ್ಕೆ 20 ಗಂಟೆಯ ಲೆಕ್ಕ ಇಟ್ಟುಕೊಂಡು ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿದವರಿಗೆ, 7 ಅಡಿ 4 ಇಂಚಿನವನೂ ನಮ್ಮದೇ ಕ್ಯೂನಲ್ಲಿ ನಿಂತಿದ್ದ ಅಂತ ಗೊತ್ತಾದಾಗ ಒಂಥರಾ ಸಮಾಧಾನ.

ನಮ್ಮ ದೇಶದ ಉದ್ದನೆಯ ಹುಡುಗರು ಯಾರೂ ಈ ಮಟ್ಟಕ್ಕೆ ಬಂದಿಲ್ವಾ?

ಬಂದಿದ್ದಾರೆ. ಸಿಮ್ ಭುಲ್ಲರ್, ಕೆನಡಾದಲ್ಲಿ ಹುಟ್ಟಿದ ಪಂಜಾಬಿ ಹುಡುಗ, 7 ಅಡಿ 5 ಇಂಚು. ನ್ಯೂ ಮೆಕ್ಸಿಕೊ ಸ್ಟೇಟ್‌ಗೆ ಆಡಿ, 2015ರಲ್ಲಿ ಸ್ಯಾಕ್ರಮೆಂಟೊ ಪರ ಎನ್‌ಬಿಎ ಅಂಗಳಕ್ಕಿಳಿದ. ಭಾರತೀಯ ಮೂಲದವರಲ್ಲಿ ಅವನೇ ಮೊದಲಿಗ. ಅದೇ ವರ್ಷ ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್‌ನನ್ನು ಡಲ್ಲಾಸ್ ಡ್ರಾಫ್ಟ್‌ನಲ್ಲಿ 52ನೇಯವನಾಗಿ ಆರಿಸಿತು. ಅವನು ಕಾಲೇಜಿಗೆ ಆಡಲಿಲ್ಲ. ಫ್ಲಾರಿಡಾದ ಐಎಂಜಿ ಅಕಾಡೆಮಿಯಲ್ಲಿ ಕಲಿತವನು, ಆಮೇಲೆ ಈಡಿ ಹೋಗಿದ್ದೂ ಅಲ್ಲಿಗೇ.

ಬೆಂಗಳೂರಿನಲ್ಲಿರುವ ಅಪ್ಪ ಅಮ್ಮ ಎಷ್ಟು ಗಂಟೆಗೆ ನೋಡಬೇಕು?

ನವೆಂಬರ್ 2ರಂದು ಇಲ್ಲಿ ಗಡಿಯಾರ ಹಿಂದೆ ಹೋಗುತ್ತದೆ. ಆಮೇಲೆ ಇಲ್ಲಿನ ರಾತ್ರಿ 7 ಅಂದರೆ ಅಲ್ಲಿ ಮಾರನೇ ಬೆಳಗ್ಗೆ 5:30. ಹಾಲಿನವನು ಬರುವ ಹೊತ್ತು. ಮಾರ್ಚ್ ಎರಡನೇ ವಾರದಿಂದ ಮತ್ತೆ 4:30. ಫೈನಲ್ ಸೋಮವಾರ ರಾತ್ರಿ ತಡವಾಗಿ ಶುರುವಾಗುತ್ತದೆ, ಅಲ್ಲಿ ಮಂಗಳವಾರ ಬೆಳಗಿನ ತಿಂಡಿಯ ಸಮಯ. 2024ರಲ್ಲಿ ನಮ್ಮ ಅಮ್ಮ ಫೋನ್‌ನಲ್ಲಿ ಹಾಕಿಕೊಂಡು ದೋಸೆ ಹುಯ್ಯುತ್ತಾ ನೋಡಿದರು. ಮೊದಲ ಹತ್ತು ನಿಮಿಷಕ್ಕೇ ಕೇಳಿದರು, ಆ ಉದ್ದ ಹುಡುಗ ಒಬ್ಬನೇ ಆಡ್ತಿದಾನಲ್ಲ, ಉಳಿದವರಿಗೆ ಏನಾಗಿದೆ? ಟಿವಿಯ ತಜ್ಞರು ಅದನ್ನೇ ಹೇಳಲು ಇನ್ನೊಂದು ಗಂಟೆ ತೆಗೆದುಕೊಂಡರು.

ಮ್ಯಾಕಿ ಅರೀನಾದಲ್ಲಿ ಎಲ್ಲಿ ಕೂರಬೇಕು?

ಸಿಕ್ಕಲ್ಲಿ. 1967ರ ಕಟ್ಟಡ, 14 ಸಾವಿರ ಚಿಲ್ಲರೆ ಸೀಟು, ಟಿಕೆಟ್ ಸಿಗುವುದೇ ಕಷ್ಟ. ಮೇಲೆ ಗುಮ್ಮಟದ ಹಾಗಿರುವ ಚಾವಣಿ, ಕೂಗಿದ್ದೆಲ್ಲ ವಾಪಸ್ ತಲೆ ಮೇಲೆ ಬೀಳುತ್ತದೆ. ಮಕ್ಕಳಿಗೆ ಕಿವಿಗೆ ಏನಾದರೂ ಹಾಕಿ ಕರೆತನ್ನಿ.

ಕ್ಲಫ್ ಸರಿಯಾಗಿ ಆಡ್ತಿದ್ದಾನಾ ಇಲ್ವಾ ಅಂತ ತಿಳಿಯೋದು ಹೇಗೆ?

ಅಕ್ಟೋಬರ್ 24ರಂದು ಕೆಂಟಕಿಯಲ್ಲಿ ಅಭ್ಯಾಸ ಪಂದ್ಯ ಇದೆ. ಅದರ ಫಲಿತಾಂಶ ನೋಡಿ ಹಾರಾಡಬೇಡಿ, ಅಳಲೂಬೇಡಿ. ನವೆಂಬರ್‌ನಲ್ಲಿ ಅಲಬಾಮಾಗೆ ಹೋಗಿ ಆಡುತ್ತೇವಲ್ಲ, ಅದು ನೋಡಿ. ಅವರು ವಿಪರೀತ ವೇಗದ ತಂಡ. ದಪ್ಪ ಸೆಂಟರ್‌ಗಳನ್ನು ಓಡಿಸಿ ಓಡಿಸಿ ಸುಸ್ತು ಮಾಡುತ್ತಾರೆ. ಅಲ್ಲಿ ಮೂರು ವಿಷಯ ಲೆಕ್ಕ ಇಡಿ. ಎದುರಾಳಿಗೆ ಎರಡನೇ ಅವಕಾಶ ಎಷ್ಟು ಸಲ ಸಿಕ್ಕಿತು? ಟಿಕೆಆರ್‌ಗೆ ಎಷ್ಟು ಫೌಲ್ ಬಿತ್ತು? ಕೊನೆಯ ಐದು ನಿಮಿಷದಲ್ಲಿ ಕ್ಲಫ್ ಅಂಗಳದಲ್ಲೇ ಇದ್ದನಾ, ಬೆಂಚಿನಲ್ಲಾ? ಅವನ ಅಂಕ 6 ಆಗಿದ್ದು ಈ ಮೂರೂ ಸರಿ ಇದ್ದರೆ ನನಗೆ ನಿದ್ದೆ ಬರುತ್ತದೆ. ಅಂಕ 20 ಆಗಿ ಈ ಮೂರೂ ಕೆಟ್ಟರೆ ಬರುವುದಿಲ್ಲ.

ಫೈನಲ್ ಫೋರ್ ಇಂಡಿಯಾನಾಪೊಲಿಸ್‌ನಲ್ಲೇ ಅಂತೆ. ಹೋಟೆಲ್ ಬುಕ್ ಮಾಡಲಾ?

ಹೌದು, 2026ರ ಏಪ್ರಿಲ್ 4 ಮತ್ತು 6, ಅದೇ ಲೂಕಸ್ ಆಯಿಲ್ ಸ್ಟೇಡಿಯಂ, ಉಝಾನ್ ಲೇಅಪ್ ಹಾಕಿದ ಅದೇ ಅಂಗಳ. ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ. ಹೋಟೆಲ್ ಯಾಕೆ, ಬುತ್ತಿ ಕಟ್ಟಿಕೊಂಡು ಹೋಗಿ ರಾತ್ರಿ ವಾಪಸ್ ಬರಬಹುದು. ಷಿಕಾಗೊ, ಡಲ್ಲಾಸ್ ಕಡೆಯಿಂದ ಬರುವವರು ಬೇಕಾದರೆ ಬುಕ್ ಮಾಡಿ. ರದ್ದು ಮಾಡಿದರೆ ಪೂರ್ತಿ ದುಡ್ಡು ವಾಪಸ್ ಬರುವಂಥದ್ದೇ ನೋಡಿ ಮಾಡಿ.